ಆಮ್‌ಸ್ಟರ್‌ಡ್ಯಾಮ್‌ನಲ್ಲಿ 4 ರಾತ್ರಿ: ರೂಮು, ಟ್ಯಾಕ್ಸು, ಟ್ರಾಮು

ಪ್ರಶ್ನೆ: ಸರ್, ಮುಂದಿನ ತಿಂಗಳು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, 8 ವರ್ಷದ ಮಗ. ಕಾಲುವೆ ಪಕ್ಕದ ಹಳೇ ಮನೆಯಲ್ಲಿ ಮೂರನೇ ಮಹಡಿಯ ರೂಮು ನೋಡಿಟ್ಟಿದ್ದೇನೆ. ಕೆಳಗೆ ಸಣ್ಣ ಅಕ್ಷರದಲ್ಲಿ ಟೂರಿಸ್ಟ್ ಟ್ಯಾಕ್ಸ್ ಬೇರೆ ಅಂತ ಇದೆ. ಅದು ಎಷ್ಟಾಗುತ್ತೆ? ಬಸ್ಸು, ಟ್ರಾಮಿಗೆ ಪಾಸ್ ತಗೋಬೇಕಾ?

ಉತ್ತರ: ಮೇಡಂ, ಟ್ಯಾಕ್ಸ್ ಆಮೇಲೆ ಹೇಳುತ್ತೇನೆ, ಮೊದಲು ಅತ್ತೆಯವರ ಮಂಡಿ ಹೇಗಿದೆ ಹೇಳಿ. ಆ ಹಳೇ ಮನೆಗಳ ಮೆಟ್ಟಿಲು ಏಣಿ ಹಾಗಿರುತ್ತೆ, ಪಾದ ಪೂರ್ತಿ ಊರುವುದಕ್ಕೂ ಜಾಗ ಇರಲ್ಲ. ಫೋಟೊದಲ್ಲಿ ಮನೆಯ ನೆತ್ತಿ ನೋಡಿ, ಒಂದು ತೊಲೆ ಹೊರಗೆ ಚಾಚಿಕೊಂಡು ಅದಕ್ಕೆ ಕೊಕ್ಕೆ ಇರುತ್ತೆ. ಮಂಚ, ಬೀರು ಮೆಟ್ಟಿಲಲ್ಲಿ ಹೋಗಲ್ಲ ಅಂತಲೇ ಹಗ್ಗ ಕಟ್ಟಿ ಮೇಲಕ್ಕೆಳೆದು ಕಿಟಕಿಯಿಂದ ಒಳಗೆ ತಗೊಳ್ಳುವುದಕ್ಕೆ ಮಾಡಿರುವ ಏರ್ಪಾಡು ಅದು. ಲಿಫ್ಟ್ ಇದೆಯಾ ಅಂತ ಕೇಳದೆ ದಯವಿಟ್ಟು ದುಡ್ಡು ಕಟ್ಟಬೇಡಿ.

ಇನ್ನು ಟ್ಯಾಕ್ಸ್. 2024ರಿಂದ ಅಲ್ಲಿ ರೂಮಿನ ಬಾಡಿಗೆ ಮೇಲೆ ಶೇ 12.5 ಟೂರಿಸ್ಟ್ ಟ್ಯಾಕ್ಸ್. ಇದಲ್ಲದೆ ವ್ಯಾಟ್ ಇದೆ, 2026ರ ಜನವರಿಯಿಂದ ಅದು ಶೇ 9ರಿಂದ 21ಕ್ಕೆ ಏರಿದೆ. ಮೂಲ ಬಾಡಿಗೆ 1000 ಯೂರೊ ಅಂದುಕೊಳ್ಳಿ. ವ್ಯಾಟ್ 210, ಟೂರಿಸ್ಟ್ ಟ್ಯಾಕ್ಸ್ 125, ಕೈಯಿಂದ ಹೋಗುವುದು 1335. ಸಾಮಾನ್ಯವಾಗಿ ತೋರಿಸುವ ರೇಟಿನಲ್ಲಿ ವ್ಯಾಟ್ ಸೇರಿರುತ್ತೆ, ಟೂರಿಸ್ಟ್ ಟ್ಯಾಕ್ಸ್ ಎಷ್ಟೋ ಸಲ ಸೇರಿರಲ್ಲ. ಹಾಗಾಗಿ ಎರಡು ಹೋಟೆಲ್ ಹೋಲಿಸುವಾಗ ಕೊನೆಯ ಮೊತ್ತವನ್ನೇ ನೋಡಿ.

ಪ್ರಶ್ನೆ: ಅತ್ತೆಗೆ ಮಂಡಿ ನೋವು ಇದೆ ಸರ್, ಆ ರೂಮು ಬೇಡ. ಹಾಗಾದರೆ ಎಲ್ಲಿ ನೋಡಲಿ?

ಉತ್ತರ: ನಾನಾದರೆ ನೋರ್ಡ್ ಕಡೆ, ಅಂದರೆ ನೀರಿನ ಆಚೆ ಇರುವ ಊರಿನ ಉತ್ತರ ಭಾಗದಲ್ಲಿ ನೋಡುತ್ತೇನೆ, ಹೊಸ ಕಟ್ಟಡಗಳು ಜಾಸ್ತಿ, ಲಿಫ್ಟ್ ಇರುತ್ತೆ. ಸೆಂಟ್ರಲ್ ಸ್ಟೇಷನ್ ಹಿಂಭಾಗದಿಂದ ಫೆರಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ, ಟಿಕೆಟ್ಟೇ ಇಲ್ಲ. 52ನೇ ನಂಬರಿನ ಮೆಟ್ರೊ ಕೂಡ ಅಲ್ಲಿಗೆ ಹೋಗುತ್ತೆ.

ಪಾಸ್ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಜಿವಿಬಿ ಅಂದರೆ ಊರಿನ ಟ್ರಾಮ್, ಬಸ್, ಮೆಟ್ರೊ ಓಡಿಸುವ ಸಂಸ್ಥೆ. ಅದರ ಪಾಸ್ ಗಂಟೆ ಲೆಕ್ಕದ್ದು, ಸಂಜೆ 4ಕ್ಕೆ ಶುರು ಮಾಡಿದರೆ ಮಾರನೇ ದಿನ ಸಂಜೆ 4ರವರೆಗೆ ನಡೆಯುತ್ತೆ, ಆದರೆ ಸ್ಕಿಪೋಲ್ ಏರ್‌ಪೋರ್ಟ್‌ನಿಂದ ಬರುವ ರೈಲಿಗೆ ಅದು ಆಗಲ್ಲ. ಆಮ್‌ಸ್ಟರ್‌ಡ್ಯಾಮ್ ಟ್ರಾವೆಲ್ ಟಿಕೆಟ್‌ನಲ್ಲಿ ಆ ರೈಲೂ ಸೇರುತ್ತೆ, ಆದರೆ ಅದು ದಿನದ ಲೆಕ್ಕ. ರಾತ್ರಿ ಇಳಿದು ಅದನ್ನು ಬಳಸಿದರೆ ಒಂದು ದಿನ ಸುಮ್ನೆ ಹೋಯಿತು. ಮಗನಿಗೆ 4ರಿಂದ 11 ವರ್ಷದ ಮಕ್ಕಳ ಡೇ ಟಿಕೆಟ್ ಕೇಳಿ.

ಪ್ರಶ್ನೆ: ಪಾಸ್ ಇಲ್ಲದೆ ಬ್ಯಾಂಕ್ ಕಾರ್ಡ್ ತೋರಿಸಿ ಹತ್ತಬಹುದು ಅಂತಾರಲ್ವಾ?

ಉತ್ತರ: ಹತ್ತಬಹುದು. ಕಾರ್ಡು ಕಾಂಟ್ಯಾಕ್ಟ್‌ಲೆಸ್ ಇರಬೇಕು, ಒಬ್ಬೊಬ್ಬರಿಗೂ ಬೇರೆ ಬೇರೆ ಬೇಕು. ಇಳಿಯುವಾಗಲೂ ಯಂತ್ರಕ್ಕೆ ತಾಗಿಸಲೇಬೇಕು, ಮರೆತರೆ ಜಾಸ್ತಿ ಕಟ್ ಆಗುತ್ತೆ. ಹತ್ತುವಾಗ ಕಾರ್ಡು, ಇಳಿಯುವಾಗ ಫೋನು ತಾಗಿಸಬೇಡಿ, ಒಂದೇ ಖಾತೆ ಆದರೂ ಯಂತ್ರಕ್ಕೆ ಅವು ಎರಡು ಬೇರೆ ಕಾರ್ಡು. ಮತ್ತೆ, ಟ್ರಾಮ್ ಇಳಿದ ಕೂಡಲೇ ಪಕ್ಕದಲ್ಲೇ ಸೈಕಲ್ ದಾರಿ ಸಿಗುತ್ತೆ, ಸೈಕಲ್‌ನವರು ಜೋರಾಗಿ ಬರುತ್ತಾರೆ. ಮಗನ ಕೈ ಹಿಡಿದುಕೊಂಡೇ ಇಳಿಯಿರಿ.