ರೇಡಿಯೇಟರ್ ರಿಪೇರಿಯ ಬಳಿಕ ಹತ್ತಿದ ಎಂಜಿನ್ ದೀಪ: ಅನುಭವ ಇದ್ದವರು ಹೇಳಿ

ಕಾಪುವಿನಿಂದ ಪ್ರಶ್ನೆ:
ನಮ್ಮದು 2014ರ ಪೆಟ್ರೋಲ್ ಕಾರು. ರೇಡಿಯೇಟರ್ ಸೋರುತ್ತಿತ್ತು, ಶಿರಾಡಿ ಘಾಟಿ ಏರುವಾಗ ಎಂಜಿನ್ ವಿಪರೀತ ಬಿಸಿಯೂ ಆಯಿತು. ಗ್ಯಾರೇಜಿನಲ್ಲಿ ರೇಡಿಯೇಟರ್ ಮತ್ತು ಮೇಲಿನ ಹೋಸ್ ಪೈಪ್ ಬದಲಾಯಿಸಿ, ಹೊಸ ಕೂಲೆಂಟ್ ತುಂಬಿಸಿ ಕೊಟ್ಟರು. ಈಗ ಸೋರಿಕೆ ಇಲ್ಲ, ಬಿಸಿಯಾಗುವುದೂ ಇಲ್ಲ. ಆದರೆ ವಾರ ಕಳೆಯುವುದರೊಳಗೆ ಹಳದಿ ಎಂಜಿನ್ ದೀಪ ಹತ್ತಿಕೊಂಡಿದೆ, ಮೈಲೇಜ್ ಕೂಡ ಇಳಿದಿದೆ. ಸೆನ್ಸರ್ ಹೋಗಿದೆ, ಹೊಸದು ಹಾಕೋಣ ಎನ್ನುತ್ತಾರೆ ಮೆಕ್ಯಾನಿಕ್. ದಿನವೂ ಮಣಿಪಾಲಕ್ಕೆ ಹೋಗಿ ಬರುವ ಗಾಡಿ. ಓಡಿಸಬಹುದೇ? ಸೆನ್ಸರ್ ಹಾಕಿಸಿಬಿಡಲೇ?

ಸುರತ್ಕಲ್‌ನಿಂದ:
ದೀಪ ಹಳದಿಯಾಗಿದ್ದು, ಮಿನುಗದೆ ಒಂದೇ ಸಮನೆ ಉರಿಯುತ್ತಿದ್ದರೆ ಗ್ಯಾರೇಜಿನವರೆಗೆ ನಿಧಾನವಾಗಿ ಓಡಿಸಬಹುದು. ಮಿನುಗುತ್ತಿದ್ದರೆ ಬದಿಗೆ ನಿಲ್ಲಿಸಿ. ಆಗ ಮಿಸ್‌ಫೈರ್ ಆಗುತ್ತಿರುತ್ತದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ತಾಪಮಾನದ ಕೆಂಪು ದೀಪ ಬೇರೆಯೇ. ಅದು ಹತ್ತಿದರೆ ಕೂಡಲೇ ಎಂಜಿನ್ ಆಫ್ ಮಾಡಿ, ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಹಳದಿ ದೀಪಕ್ಕೆ ಹೆದರಿ ನಂತೂರು ವೃತ್ತದ ನಡುವೆಯೇ ಗಾಡಿ ನಿಲ್ಲಿಸಿದವರನ್ನೂ ಕಂಡಿದ್ದೇನೆ, ಕೆಂಪು ದೀಪವನ್ನು ಲೆಕ್ಕಿಸದೆ ಓಡಿಸಿ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡವರನ್ನೂ ಕಂಡಿದ್ದೇನೆ.

ಕುಂದಾಪುರದಿಂದ:
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮಾರಾಯರೇ. ಬ್ಯಾಟರಿಯ ನೆಗೆಟಿವ್ ವಯರನ್ನು ಅರ್ಧ ಗಂಟೆ ಕಳಚಿಡಿ, ದೀಪ ಆರುತ್ತದೆ.

ಉಡುಪಿಯಿಂದ:
ಕುಂದಾಪುರದವರು ಬೇಸರಿಸಬಾರದು. ಆ ಉಪಾಯ ಜ್ವರ ಬಂದಾಗ ಥರ್ಮಾಮೀಟರ್ ಒಡೆದು ಹಾಕಿದ ಹಾಗೆ. ದೀಪ ಹತ್ತಿದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿತ್ತು ಎಂಬುದನ್ನು ಗಾಡಿಯ ಕಂಪ್ಯೂಟರ್, ದೋಷ ಯಾವುದೆಂದು ಹೇಳುವ ಕೋಡ್ ಜೊತೆ ಬರೆದಿಟ್ಟುಕೊಂಡಿರುತ್ತದೆ. ಓದುವ ಮೊದಲೇ ಅದನ್ನು ಅಳಿಸುವುದೇಕೆ? ದೋಷ ನಿಜವಾಗಿ ಹೋದರೆ, ಸಾಮಾನ್ಯವಾಗಿ ಮೂರು ಓಡಾಟ ಸತತವಾಗಿ ಸರಿಬಂದ ಮೇಲೆ ದೀಪ ತಾನೇ ಆರುತ್ತದೆ.

ಸ್ಟಿಯರಿಂಗ್ ಕೆಳಭಾಗದಲ್ಲಿ ಈ ಕೋಡ್ ಓದಲೆಂದೇ 16 ಪಿನ್ನಿನ ಓಬಿಡಿ ಸಾಕೆಟ್ ಇದೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಮೊಬೈಲಿನಲ್ಲೇ ಕೋಡ್ ಕಾಣುತ್ತದೆ. ಬೇಡವೆಂದರೆ ಸ್ಕ್ಯಾನರ್ ಇರುವ ಇನ್ನೊಂದು ಗ್ಯಾರೇಜಿಗೆ ಹೋಗಿ ಕೋಡ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ‘ಸೆನ್ಸರ್ ಹೋಗಿದೆ’ ಎಂಬ ಬಾಯಿಮಾತು ಸಾಲದು.

ಪಿ0118 ಬಂದರೆ ಕೂಲೆಂಟ್ ತಾಪಮಾನದ ಸೆನ್ಸರಿನ ಸರ್ಕಿಟ್ ಎಲ್ಲೋ ಕಡಿದಿದೆ ಎಂದರ್ಥ. ರಿಪೇರಿಗೆ ಕಳಚಿದ ಪ್ಲಗ್ ಮತ್ತೆ ಸಿಕ್ಕಿಸಲು ಮರೆತಿರುವುದೇ ಹೆಚ್ಚು. ಆಗ ಸ್ಕ್ಯಾನರಿನಲ್ಲಿ ತಾಪಮಾನ ಮೈನಸ್ 40 ಡಿಗ್ರಿ ಎಂದು ತೋರುತ್ತದೆ. ನಮ್ಮ ಕರಾವಳಿಯಲ್ಲಿ ಮೈನಸ್ 40! ಎಷ್ಟೋ ಗಾಡಿಗಳಲ್ಲಿ ರೇಡಿಯೇಟರ್ ಫ್ಯಾನ್ ನಿಲ್ಲದೆ ತಿರುಗುತ್ತಲೇ ಇರುತ್ತದೆ. ನೀವು ಫ್ಯಾನಿನ ಮಾತೆತ್ತಿಲ್ಲ, ಹಾಗಾಗಿ ನನಗೆ ಅನುಮಾನ ಬೇರೆ ಕಡೆ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಇಗ್ನಿಷನ್ ಮಾತ್ರ ಆನ್ ಮಾಡಿ, ಕೂಲೆಂಟ್ ತಾಪಮಾನವನ್ನೂ ಒಳಹೋಗುವ ಗಾಳಿಯ ತಾಪಮಾನವನ್ನೂ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಸೆನ್ಸರ್ ಬಹುತೇಕ ಸರಿ ಇದೆ. ಆಮೇಲೆ ಹೆದ್ದಾರಿ 66ರಲ್ಲಿ ಓಡಿಸಿ. ಕಾಪುವಿನಿಂದ ಉಡುಪಿ ತಲುಪುವಷ್ಟರಲ್ಲಿ 85–95 ಡಿಗ್ರಿಯ ಆಸುಪಾಸಿಗೆ ಬಂದಿರಬೇಕು. 65–70ರಲ್ಲೇ ತೂಗಾಡುತ್ತಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ತೆರೆದೇ ಉಳಿದಿದೆ, ಇಲ್ಲವೇ ಅದನ್ನು ಕಿತ್ತೇ ಹಾಕಿದ್ದಾರೆ. ಕೋಡ್ ಪಿ0128 ಇರುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ನಿಮ್ಮ ಮೈಲೇಜ್ ಹೋಗುವುದು ಹೀಗೆ. ಎಂಜಿನ್ ತಣ್ಣಗಿದೆ ಎಂದು ತೋರುವ ನೀಲಿ ದೀಪ ಡ್ಯಾಶ್‌ಬೋರ್ಡಿನಲ್ಲಿ ಇರುವ ಗಾಡಿಯಾದರೆ ಅದು ಮೊದಲಿಗಿಂತ ತಡವಾಗಿ ಆರುತ್ತಿದೆಯೇ ಗಮನಿಸಿ.

ಬಂಟ್ವಾಳದಿಂದ:
ಕೋಡ್ ಕೂಲಿಂಗಿಗೆ ಸಂಬಂಧಿಸಿದ್ದೇ ಆಗಿರಬೇಕೆಂದಿಲ್ಲ. ಹೋಸ್ ಬಿಚ್ಚಲು ಏರ್ ಫಿಲ್ಟರಿನ ಪೈಪನ್ನು ಸರಿಸಿ, ಕ್ಲಿಪ್ ಸಡಿಲ ಬಿಟ್ಟರೆ ಪಿ0171 (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ಕೋಡ್) ಬರಬಹುದು. ವಾಟರ್ ಪಂಪ್ ಬದಲಾಯಿಸಲು ಟೈಮಿಂಗ್ ಬೆಲ್ಟ್ ಕಳಚುವ ಗಾಡಿಗಳಲ್ಲಿ ಒಂದು ಹಲ್ಲು ತಪ್ಪಿದರೂ ಪಿ0016 (ಎಂಜಿನ್ನಿನ ಟೈಮಿಂಗ್ ತಪ್ಪಿದೆ ಎಂಬ ಕೋಡ್) ಬರಬಹುದು, ಅದಾದರೆ ಓಡಿಸಲೇಬೇಡಿ. ನಿಮ್ಮದರಲ್ಲಿ ಪಂಪ್ ಮುಟ್ಟಿಲ್ಲ, ಸದ್ಯ ಅದನ್ನು ಬಿಡಿ.

ಕಾಪುವಿನಿಂದ:
ಎಲ್ಲರಿಗೂ ಧನ್ಯವಾದ. ಕೋಡ್ ಪಿ0128. ಬೆಳಿಗ್ಗೆ ಎರಡೂ ತಾಪಮಾನ ಸರಿಸಮ ಇತ್ತು, ರಸ್ತೆಯಲ್ಲಿ 70 ದಾಟಲೇ ಇಲ್ಲ. ಚೀಟಿ ತೋರಿಸಿದಾಗ ಮೆಕ್ಯಾನಿಕ್ ಹೇಳಿದರು: ‘ಥರ್ಮೋಸ್ಟಾಟ್ ತೆಗೆದಿದ್ದೇನೆ ಅಣ್ಣ, ನಮ್ಮ ಊರಿನ ಸೆಕೆಗೆ ಅದು ಬೇಡ.’ ಈಗ ಏನು ಮಾಡಿಸಲಿ?

ಉಡುಪಿಯಿಂದ:
ಈ ಸೆಕೆಯ ವಾದ ಕರಾವಳಿಯ ಗ್ಯಾರೇಜುಗಳಲ್ಲಿ ಹಳೆಯದು, ಕಾರ್ಬುರೇಟರ್ ಕಾಲದ್ದು. ಹೊರಗೆ 35 ಡಿಗ್ರಿ ಇದ್ದರೂ ಎಂಜಿನ್ನಿಗೆ ಅದು ಚಳಿಯೇ. ಸದಾ ತಣ್ಣಗೆ ಓಡಿದರೆ ಆಯಿಲಿನಲ್ಲಿ ಸೇರಿದ ತೇವ ಆರುವುದಿಲ್ಲ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚುವುದೇ ಇಲ್ಲ. ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಸುತ್ತಿ, ಘಾಟಿಯಲ್ಲಿ ಮತ್ತೆ ಬಿಸಿಯಾಗಬಹುದು.

ನಿಮ್ಮ ಮಾದರಿಗೆ ಹೇಳಿದ ಡಿಗ್ರಿಯ ಹೊಸ ಥರ್ಮೋಸ್ಟಾಟನ್ನೇ ಹಾಕಿಸಿ, ರಬ್ಬರ್ ಸೀಲ್ ಸಮೇತ. ಗಾಳಿ ಹೋಗುವ ಸಣ್ಣ ಪಿನ್ ಇದ್ದರೆ, ಕಂಪನಿ ಬೇರೆ ಹೇಳದ ಹೊರತು ಅದು ಮೇಲ್ಮುಖವಾಗಿರಲಿ. ಕೂಲೆಂಟನ್ನು ಡಿಸ್ಟಿಲ್ಡ್ ನೀರಿನಲ್ಲೇ ಬೆರೆಸಲಿ. ಕಡಲ ಬದಿಯ ಬಾವಿ ನೀರು ಸುರಿದರೆ ಹೊಸ ರೇಡಿಯೇಟರ್ ಕೂಡ ಬಾಳುವುದಿಲ್ಲ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಒಂದೆರಡು ಸಲ ಬಂದು ನಿಲ್ಲುವ ತನಕ ಎಂಜಿನ್ ಓಡಿಸಿ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ತೆಗೆಯಲಿ. ಮರುದಿನ ತಣ್ಣಗಿರುವಾಗ ಟ್ಯಾಂಕಿನ ಮಟ್ಟ ನೋಡಿ, ಇಳಿದಿದ್ದರೆ ತುಂಬಿಸಿ.

ಹಳೆಯ ಥರ್ಮೋಸ್ಟಾಟ್ ಅಲ್ಲೇ ಬಿದ್ದಿದ್ದರೂ ಅದನ್ನೇ ಮತ್ತೆ ಹಾಕಿಸಬೇಡಿ. ಶಿರಾಡಿಯಲ್ಲಿ ಬಿಸಿಯಾಗಲು ಅದೂ ಕಾರಣವಿದ್ದೀತು. ಖಾತ್ರಿ ಬೇಕಿದ್ದರೆ ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು.