ನಮ್ಮ ಬಳಗದ ಗುಂಪಿನಲ್ಲಿ ನವೋದಯದ ಪೋಸ್ಟರ್

ಶನಿವಾರ ಸಂಜೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಪರೀಕ್ಷೆ ಬರೆದ ಮಕ್ಕಳಿರುವ ಬೇರೆ ಮನೆಗಳಿಗೂ ಬೇಕಾಗಬಹುದು ಅನ್ನಿಸಿತು. ಎಲ್ಲರನ್ನೂ ಕೇಳಿ, ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ನಾನು ಜಗಳೂರು ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಟೀಚರ್. ಪುಟ್ಟ, ಹೊನ್ನಾಳಿ ದೊಡ್ಡಪ್ಪನ ಮೊಮ್ಮಗ; ಚಿನ್ನು, ದಾವಣಗೆರೆಯಲ್ಲಿರುವ ನನ್ನ ತಂಗಿಯ ಮಗ. ಇಬ್ಬರೂ ಈ ಸಲ ಐದನೇ ಕ್ಲಾಸ್ ಮುಗಿಸಿದ್ದಾರೆ, ಇಬ್ಬರೂ ನವೋದಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಯ, ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗೆ ಕೂತಿದ್ದರು.

ದೊಡ್ಡಪ್ಪ, ಹೊನ್ನಾಳಿ: (ಫಾರ್ವರ್ಡ್ ಆದ ಫೋಟೊ. ಒಂದು ಕೋಚಿಂಗ್ ಸೆಂಟರಿನ ಪೋಸ್ಟರ್. ಮೇಲೆ ‘ನವೋದಯಕ್ಕೆ ಆಯ್ಕೆಯಾದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು’, ಸಾಲಾಗಿ ಪಾಸ್‌ಪೋರ್ಟ್ ಫೋಟೊಗಳು, ಎರಡನೇ ಸಾಲಿನಲ್ಲಿ ಪುಟ್ಟ. ಕೆಳಗೆ ಕೆಂಪಕ್ಷರದಲ್ಲಿ ‘ಆರನೇ ತರಗತಿ ಫೌಂಡೇಶನ್ ಬ್ಯಾಚ್ ಆರಂಭ’.)

ದೊಡ್ಡಪ್ಪ, ಹೊನ್ನಾಳಿ: ನಮ್ಮ ಪುಟ್ಟ ಗೆದ್ದಾನ. ನಮ್ಮ ಮನೆತನದಾಗ ನವೋದಯಕ್ಕೆ ಹೊಂಟವ ಇವನೇ ಮೊದ್ಲು. ಎಲ್ಲಾರೂ ಆಶೀರ್ವಾದ ಮಾಡ್ರಿ.

ಅತ್ತೆ, ಹರಿಹರ: ನನ್ನ ಬಂಗಾರ! ದುಗ್ಗಮ್ಮ ನೂರು ವರ್ಷ ಕಾಪಾಡ್ಲಿ 🙏🙏

ಮಾವ, ಚಿತ್ರದುರ್ಗ: ಬಹಳ ಸಂತೋಷ ಭಾವಾರೆ. ಹುಡುಗನಿಗೆ ಒಳ್ಳೇದಾಗಲಿ.

ಅತ್ತೆ, ಹರಿಹರ: ದಾವಣಗೆರೆ ಚಿನ್ನೂದು ಏನಾತು? ಅವನೂ ಬರ್ದಿದ್ನಲ್ಲ. ಎಷ್ಟು ಬಂದಾವ?

ದೊಡ್ಡಪ್ಪ, ಹೊನ್ನಾಳಿ: ಆಗಿಲ್ಲ ಅಂತ ಕಾಣ್ತತಿ, ಯಾರೂ ಬಾಯಿ ಬಿಡವಲ್ರು. ಸಿಟಿಯಾಗ ಇದ್ದು, ಎಲ್ಲಾ ಅನುಕೂಲ ಇದ್ದೂ ಆಗಲಿಲ್ಲ ಅಂದ್ರ ಹೆಂಗ? ನಮ್ಮ ಹುಡುಗ ಹಳ್ಳಿಯಾಗಿದ್ದು ಮಾಡಿ ತೋರ್ಸ್ಯಾನ. ಮೊದ್ಲು ಆ ಮೊಬೈಲ್ ಕಸ್ಕೊಳ್ರಿ.

ನಾನು: ದೊಡ್ಡಪ್ಪ, ಪುಟ್ಟನ ಜೊತೆ ಈಗ ತಾನೆ ಫೋನಲ್ಲಿ ಮಾತಾಡ್ದೆ. ನಿಮ್ಮಷ್ಟೇ ಖುಷಿ ನನಗೂ ಆಗೇತಿ. ಆದರೆ ಚಿನ್ನು ಬಗ್ಗೆ ಹಾಕಿದ್ದನ್ನ ದಯವಿಟ್ಟು ತೆಗೀರಿ. ಪರೀಕ್ಷೆ ಆದ ಮೇಲೆ ಮಕ್ಕಳ ಮಾರ್ಕ್ಸನ್ನ ಮೂವತ್ತು ಮಂದಿ ಇರೋ ಗುಂಪಿನಾಗ ಕೇಳಬಾರ್ದು.

ದೊಡ್ಡಪ್ಪ, ಹೊನ್ನಾಳಿ: ಅಲ್ಲವ್ವ, ನಾನೇನು ಬೈದೆನಾ? ಮನೆ ಮಂದಿ ಕೇಳದೆ ಯಾರು ಕೇಳಬೇಕು? ನಮ್ಮ ಕಾಲಕ್ಕೆ ಏಳನೇ ಪಬ್ಲಿಕ್ ರಿಸಲ್ಟ್ ಬಂದ್ರ ಊರಿಗೆ ಊರೇ ಕೇಳ್ತಿತ್ತು. ಆ ಅಂಜಿಕೆಗೇ ಓದಿದ್ವಿ. ಖುಷಿನೂ ಮುಚ್ಚಿಟ್ಕೊಂಡು ಕುಂದ್ರಬೇಕಾ ಹಂಗಾರ?

ನಾನು: ಖುಷಿ ಮುಚ್ಚಿಡಬ್ಯಾಡ್ರಿ. ಹೋಳಿಗೆ ಮಾಡ್ಸಿ, ನಾವೆಲ್ಲಾ ಬರ್ತೀವಿ. ಒಬ್ಬನ ಖುಷಿಗೆ ಇನ್ನೊಬ್ಬನನ್ನ ಪಕ್ಕದಾಗ ನಿಲ್ಸಿ ಅಳೆಯೋದು ಬ್ಯಾಡ ಅಂತ ಅಷ್ಟೇ ನನ್ನ ಮಾತು. ಅಳತೆನೂ ಸರಿ ಇಲ್ಲ ದೊಡ್ಡಪ್ಪ, ಕೇಳ್ರಿ. ನವೋದಯದಾಗ ಆರನೇ ಕ್ಲಾಸಿಗೆ ಹೆಚ್ಚಂದ್ರ 80 ಸೀಟು. ನಮ್ಮ ಜಿಲ್ಲೆಗೆ ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯದೇ ನವೋದಯ. ಆ 80ರಾಗ ಕನಿಷ್ಠ ಶೇ. 75, ಅಂದ್ರ 60 ಸೀಟು, ಮೂರು, ನಾಲ್ಕು, ಐದನೇ ಕ್ಲಾಸನ್ನ ಹಳ್ಳಿ ಶಾಲೆಯಾಗ ಓದಿದ ಮಕ್ಕಳಿಗೆ ಮೀಸಲು. ಅದು ನ್ಯಾಯನೇ, ಹಳ್ಳಿ ಮಕ್ಕಳಿಗೆ ಅಂತಲೇ 1986ರ ಶಿಕ್ಷಣ ನೀತಿಯಾಗ ಈ ಶಾಲೆ ತಂದಿದ್ದು. ಉಳಿದ 20ಕ್ಕೆ ಸಿಟಿ ಮಕ್ಕಳು, ಅವರ ಜೊತೆ ಹಳ್ಳಿ ಮಕ್ಕಳೂ ಇರ್ತಾರೆ. ಅದರಾಗ ಮತ್ತೆ ಹೆಣ್ಣುಮಕ್ಕಳಿಗೆ ಮೂರನೇ ಒಂದು ಪಾಲು, ಪರಿಶಿಷ್ಟ ಜಾತಿ ಪಂಗಡದ ಮೀಸಲಾತಿ. ಪುಟ್ಟ, ಚಿನ್ನು ಒಂದೇ ಸಾಲಿನಾಗ ನಿಂತಿರಲೇ ಇಲ್ಲ.

ನಾನು: ಅತ್ತೆ, ‘ಎಷ್ಟು ಬಂದಾವ’ ಅಂದ್ರಿ. ನವೋದಯದವರು ಮಾರ್ಕ್ಸ್ ತಿಳಿಸೋದೇ ಇಲ್ಲ. ಆಯ್ಕೆ ಆಗೇತೋ ಇಲ್ಲೋ ಅಷ್ಟೇ ಹೇಳ್ತಾರೆ. ಅವನು ಒಂದು ಮಾರ್ಕಿಗೆ ತಪ್ಪಿಸ್ಕೊಂಡನೋ ಮೂವತ್ತಕ್ಕೋ ಅಂತ ಅವನಿಗೂ ಗೊತ್ತಾಗಲ್ಲ, ಅವರವ್ವಗೂ ಗೊತ್ತಾಗಲ್ಲ. ಉತ್ತರನೇ ಇಲ್ಲದ ಪ್ರಶ್ನೆನ ಆ ಹುಡುಗನ ತಲೆ ಮ್ಯಾಲೆ ಹೊರ್ಸಿದಂಗಾತು.

ಅತ್ತೆ, ಹರಿಹರ: ಅಯ್ಯೋ, ಅದು ನನಗೆ ಗೊತ್ತಿರಲಿಲ್ಲವ್ವ. ಅಕ್ಕರೆಗೆ ಕೇಳಿದೆ.

ಮಾವ, ಚಿತ್ರದುರ್ಗ: ನೀನು ಹೇಳೋದು ಸರಿ ಐತೆ. ಆದರೆ ನಾನು ಮೂವತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವನು, ನನ್ನ ಮಾತೂ ಒಂಚೂರು ಕೇಳು. ಪರೀಕ್ಷೆ ಅಂದರೆ ಮುಚ್ಚಿ ಮಾತಾಡೋ ವಿಷಯ ಅನ್ನೋ ಹಂಗೆ ಮಾಡಿದರೆ ಮಕ್ಕಳಿಗೆ ಸೋಲು ತಡೆಯೋ ಶಕ್ತಿ ಎಲ್ಲಿಂದ ಬರುತ್ತೆ? ನಾಳೆ ಎಸ್ಸೆಸ್ಸೆಲ್ಸಿ ಫಲಿತಾಂಶ ಇಡೀ ಜಗತ್ತು ನೋಡುತ್ತೆ ಕಣಮ್ಮ.

ನಾನು: ಮಾವ, ಎಸ್ಸೆಸ್ಸೆಲ್ಸಿ ಬರೆಯೋನಿಗೆ ಹದಿನೈದು ಹದಿನಾರು ವರ್ಷ. ಚಿನ್ನುಗೆ ಇನ್ನೂ ಹನ್ನೊಂದು ತುಂಬಿಲ್ಲ. ಮತ್ತೆ ಎಸ್ಸೆಸ್ಸೆಲ್ಸಿ ಫೇಲಾದರೆ ತಿರುಗಿ ಬರೀಬಹುದು. ನವೋದಯದ ಆರನೇ ಕ್ಲಾಸಿನ ಪರೀಕ್ಷೆ ಜೀವನದಾಗ ಒಂದೇ ಸಲ, ಎರಡನೇ ಸಲ ಕೂರಂಗಿಲ್ಲ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಾಗ 40 ಪ್ರಶ್ನೆ, ಅಂದ್ರ ಅರ್ಧ ಅಂಕ, ಆಕೃತಿ ನೋಡಿ ಯಾವುದು ಬೇರೆ, ಯಾವುದು ಪೂರ್ತಿ ಆಗುತ್ತೆ ಅಂತ ಗುರುತಿಸೋದು. ಅದನ್ನ ನಾವು ಐದನೇ ಕ್ಲಾಸಿನಾಗ ಪಾಠ ಅಂತ ಮಾಡೋದೇ ಇಲ್ಲ. ಶಾಲೆಯಾಗ ಚೆನ್ನಾಗಿ ಓದೋ ಮಗು ಇದರಾಗ ಬರಲಿಲ್ಲ ಅಂದ್ರ ಓದಿನಾಗ ಸೋತಿತು ಅಂತ ಅರ್ಥ ಅಲ್ಲ.

ನಾನು: ಐದನೇ ಕ್ಲಾಸಿನ ಮಕ್ಕಳನ್ನ ಪರೀಕ್ಷೆ ಹೆಸರಲ್ಲಿ ನಾವು ದೊಡ್ಡೋರು ಎಷ್ಟು ಓಡಾಡಿಸೀವಿ ಅನ್ನೋದೂ ನೆನಪಿರಲಿ. 2024ರಾಗ ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಅಂದ್ರು. ಹೈಕೋರ್ಟಲ್ಲಿ ಒಂದು ಪೀಠ ರದ್ದು ಮಾಡ್ತು, ಇನ್ನೊಂದು ಪೀಠ ನಡೀಲಿ ಅಂತು. ಮಕ್ಕಳು ಬರೆದ ಮೇಲೆ ಏಪ್ರಿಲ್‌ನಾಗ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಡ್ತು. ನನ್ನ ಕ್ಲಾಸಿನ ಹುಡುಗಿ ಒಬ್ಬಳು ಶಾಲೆ ಗೇಟಿನ ಹತ್ರ ನಿಲ್ಸಿ ‘ಟೀಚರ್, ನಾನು ಪಾಸಾ?’ ಅಂತ ಕೇಳಿದ್ಲು. ‘ಹೂಂ ಪುಟ್ಟಿ, ನೀನು ಪಾಸು’ ಅಂತ ನಾನೇ ಹೇಳಿ ಕಳ್ಸಿದೆ. ಆ ವಯಸ್ಸಿನ ಮಗೂಗೆ ಬೇಕಾಗಿದ್ದು ಅಷ್ಟೇ.

ತಂಗಿ, ದಾವಣಗೆರೆ: ಅಕ್ಕ, ಇಷ್ಟೊತ್ತು ಸುಮ್ನಿದ್ದೆ. ಈಗ ಹೇಳ್ತೀನಿ. ಅವ್ವಗೆ ಕಣ್ಣು ಸರಿ ಕಾಣಲ್ಲ. ಈ ಗುಂಪಿನ ಮೆಸೇಜ್ ಎಲ್ಲಾ ದಿನಾ ಸಂಜೆ ಚಿನ್ನುನೇ ಓದಿ ಹೇಳೋದು. ಇವತ್ತೂ ಅವನೇ ಓದಿದ. ಪುಟ್ಟನ ಫೋಟೊ ದೊಡ್ಡದು ಮಾಡಿ ಅವ್ವಗೆ ತೋರ್ಸಿದ, ‘ನೋಡಜ್ಜಿ, ನಮ್ಮ ಪುಟ್ಟ’ ಅಂದ. ಆಮೇಲೆ ‘ಚಿನ್ನೂದು ಏನಾತು’ ಅನ್ನೋದನ್ನೂ ಓದಿದ. ‘ಮೊಬೈಲ್ ಕಸ್ಕೊಳ್ರಿ’ ಅನ್ನೋದನ್ನೂ ಪೂರ್ತಿ ಓದಿ, ಫೋನ್ ನನ್ನ ಕೈಗೆ ಕೊಟ್ಟು, ಅಪ್ಪನ ಹತ್ರ ಹೋಗ್ತೀನಿ ಅಂತ ಮಂಡಕ್ಕಿ ಭಟ್ಟಿಗೆ ಹೋದ. ಇನ್ನೂ ಬಂದಿಲ್ಲ. ಅವರಪ್ಪ ಫೋನ್ ಮಾಡಿದ್ರು, ಅಲ್ಲೇ ಚೀಲ ಹೊಲಿಯೋದು ನೋಡ್ತಾ ಕೂತಾನಂತೆ, ಮಾತಿಲ್ಲಂತೆ.

ಅತ್ತೆ, ಹರಿಹರ: ದೇವರೇ.

ಅಣ್ಣ, ಹೊನ್ನಾಳಿ: ಅಪ್ಪಾಜಿ, ಅದನ್ನ ತೆಗೀರಿ ಮೊದ್ಲು.

(ದೊಡ್ಡಪ್ಪ ಒಂದು ಮೆಸೇಜ್ ಅಳಿಸಿದರು. ಅತ್ತೆಯೂ ಅಳಿಸಿದರು.)

ದೊಡ್ಡಪ್ಪ, ಹೊನ್ನಾಳಿ: ಮಗು ಓದ್ತತಿ ಅಂತ ನನಗೆ ಹೆಂಗ ಗೊತ್ತಾಗಬೇಕವ್ವ. ಅವನ ಮ್ಯಾಲೆ ನನಗೇನು ಸಿಟ್ಟಾ? ಪೋಸ್ಟರ್ ಮಾತ್ರ ತೆಗೆಯಂಗಿಲ್ಲ, ಅದು ಇರ್ಲಿ. ಎರಡು ವರ್ಷ ಅವರಪ್ಪ ಬೈಕಿನಾಗ ಕೂರಿಸ್ಕೊಂಡು ಹೊನ್ನಾಳಿಗೆ ಕೋಚಿಂಗಿಗೆ ತಿರುಗ್ಯಾನ.

ನಾನು: ಇರ್ಲಿ ದೊಡ್ಡಪ್ಪ. ಪುಟ್ಟ ಪಟ್ಟ ಕಷ್ಟಕ್ಕೆ ಅದು ಸಲ್ಲಬೇಕಾದ್ದೇ.

ತಮ್ಮ, ಸಿಂಗಾಪುರ: ಈಗ ನೋಡ್ದೆ ಎಲ್ಲಾ. ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಇಲ್ಲಿ ಪ್ರೈಮರಿ ಮುಗಿಯೋದು ಆರನೇ ಕ್ಲಾಸಿಗೆ. ಅದಕ್ಕೆ ಪಿಎಸ್‌ಎಲ್‌ಇ ಅಂತ ರಾಷ್ಟ್ರಮಟ್ಟದ ಪರೀಕ್ಷೆ, 1960ರಿಂದ ನಡೀತಿದೆ. ನನ್ನ ಮಗಳು ಹೋದ ವರ್ಷ ಬರೆದಳು. ಮನೆಮನೆಯಲ್ಲೂ ಟ್ಯೂಷನ್, ಮನೆಮನೆಯಲ್ಲೂ ಒತ್ತಡ, ಅದರಲ್ಲಿ ನಮಗಿಂತ ಇವರು ಒಂದು ಕೈ ಮೇಲೇ. ಆದರೂ ದೇಶಕ್ಕೇ ಮೊದಲು ಬಂದವರ ಹೆಸರು ಹೇಳೋದನ್ನ 2012ರಲ್ಲಿ ಸರ್ಕಾರವೇ ನಿಲ್ಲಿಸಿತು. ಮೊದಲು ಒಂದು ಮಗುವಿನ ಅಂಕವನ್ನ ಉಳಿದ ಮಕ್ಕಳ ಅಂಕಕ್ಕೆ ಹೋಲಿಸಿ ಲೆಕ್ಕ ಹಾಕ್ತಿದ್ರು. 2021ರಿಂದ ಅದನ್ನೂ ಬಿಟ್ಟರು. ಈಗ ಪ್ರತಿ ವಿಷಯಕ್ಕೆ 1ರಿಂದ 8ರವರೆಗೆ ಮಟ್ಟ. 90 ತೆಗೆದರೂ 1, 99 ತೆಗೆದರೂ 1. ನಾಲ್ಕು ವಿಷಯ ಕೂಡಿಸಿ 4 ಬಂದರೆ ಎಲ್ಲಕ್ಕಿಂತ ಒಳ್ಳೇದು. ಪಕ್ಕದ ಮಗು ಒಂದು ಮಾರ್ಕ್ ಜಾಸ್ತಿ ತೆಗೀತು ಅನ್ನೋ ಮಾತಿಗೆ ಅಲ್ಲಿಗೆ ಜಾಗ ಕಮ್ಮಿ ಆಯ್ತು.

ತಮ್ಮ, ಸಿಂಗಾಪುರ: ಅಂದಹಾಗೆ ಇಲ್ಲಿ ಮಾತೃಭಾಷೆ ಅಂತ ಒಂದು ವಿಷಯ ಬರೀಬೇಕು, ಆ ಪಟ್ಟಿಯಲ್ಲಿ ತಮಿಳು, ಹಿಂದಿ, ಬಂಗಾಳಿ ಎಲ್ಲಾ ಇವೆ, ಕನ್ನಡ ಇಲ್ಲ. ನನ್ನ ಮಗಳು ಹಿಂದಿ ಬರೆದಳು. ಅದರಲ್ಲೇ ಕಮ್ಮಿ ಬಂತು. ಫಲಿತಾಂಶದ ದಿನ ನಾವು ಯಾವ ಗುಂಪಲ್ಲೂ ಏನೂ ಹಾಕಲಿಲ್ಲ, ನೀವೆಲ್ಲಾ ಅದಕ್ಕೆ ಬೇಜಾರು ಮಾಡ್ಕೊಂಡಿದ್ರಿ. ಅವಳೇ ಎರಡು ವಾರ ಬಿಟ್ಟು ಅಜ್ಜಿಗೆ ಫೋನ್ ಮಾಡಿ ಹೇಳಿದಳು, ಅವಳಿಗೆ ಹೇಳಬೇಕು ಅನ್ನಿಸಿದಾಗ.

ಮಾವ, ಚಿತ್ರದುರ್ಗ: ಇದು ಒಪ್ಪೋ ಮಾತು. ಹೇಳೋ ಹಕ್ಕು ಮಗುವಿನದು.

ಅತ್ತೆ, ಹರಿಹರ: ಪೋಸ್ಟರಿನ ಕೆಳಗೆ ಆರನೇ ಕ್ಲಾಸಿನ ಬ್ಯಾಚ್ ಅಂತ ಐತಲ್ಲ. ಚಿನ್ನುನ ಈ ರಜೆಯಾಗೇ ಹಚ್ಚಿದ್ರ ಹೆಂಗ? ಒಂಬತ್ತಕ್ಕೂ ನವೋದಯದಾಗ ತಗೊಳ್ತಾರಂತೆ. ದುಡ್ಡು ನಾನು ಕೊಡ್ತೀನಿ.

ನಾನು: ಅತ್ತೆ, ನಿಮ್ಮ ಮನಸ್ಸು ದೊಡ್ಡದು. ಒಂಬತ್ತಕ್ಕೆ ಪರೀಕ್ಷೆ ಇರೋದು ನಿಜ, ಆದರೆ ಅದು ಖಾಲಿ ಬಿದ್ದ ಸೀಟಿಗೆ ಮಾತ್ರ. ಬೇಕಾದರೆ ಎಂಟನೇ ಕ್ಲಾಸಿನಾಗ ಯೋಚನೆ ಮಾಡೋಣ. ಈಗ ಮೂರು ವರ್ಷ ಅದನ್ನೇ ತೋರಿಸ್ತಾ ಓಡ್ಸಿದ್ರೆ, ಇವತ್ತಿನ ‘ಆಗಲಿಲ್ಲ’ ಅನ್ನೋದನ್ನ ದಿನಾ ನೆನಪು ಮಾಡ್ಸಿದಂಗೆ. ಈ ರಜೆ ಅವನಿಗೆ ರಜೆ ಆಗೇ ಇರಲಿ.

ನಾನು: ಅವನಿಗೆ ಗಣಿತ ಬರಲ್ಲ ಅಂತಿಲ್ಲ. ಹೋದ ತಿಂಗಳು ನಾನೇ ಕೂರಿಸಿ ನೋಡೀನಿ. ಹಾಳೆ ಮೇಲೆ ‘ಮುಕ್ಕಾಲನ್ನು ಕಾಲರಿಂದ ಭಾಗಿಸಿ’ ಅಂತ ಬರೆದರೆ ಪೆನ್ಸಿಲ್ ತುದಿ ಕಚ್ಚಿಕೊಂಡು ಕೂತ. ‘ಮುಕ್ಕಾಲು ಸೇರು ಮಂಡಕ್ಕಿ ಐತಿ, ಪಾವಿನಾಗ ಅಳೆದು ಹಾಕಿದ್ರೆ ಎಷ್ಟು ಪಾವು?’ ಅಂದೆ. ನಾನು ಕೇಳಿ ಮುಗಿಸೋದರೊಳಗೆ ‘ಮೂರು’ ಅಂದ. ‘ಇದೂ ಅದೇ ಲೆಕ್ಕ ಕಣೋ’ ಅಂತ ಹಾಳೆ ತೋರ್ಸಿದೆ. ಹಾಳೆ ನೋಡ್ದ, ನನ್ನ ನೋಡ್ದ, ಕೆಳಗೆ ತಾನೇ ಇನ್ನೆರಡು ಲೆಕ್ಕ ಬರ್ಕೊಂಡು ಮಾಡಿದ. ಈ ಹುಡುಗನಿಗೆ ಬೇಕಾಗಿರೋದು ಹಿಂಗೆ ಪಕ್ಕದಾಗ ಕೂತು ಒಂಚೂರು ಕೈ ಹಿಡಿಯೋರು. ಅದಕ್ಕೆ ಬ್ಯಾಚ್ ಬ್ಯಾಡ. ವಾರಕ್ಕೆರಡು ಸಲ ನಾನೇ ವಿಡಿಯೊ ಕಾಲಿನಾಗ ಬರ್ತೀನಿ.

ಅಣ್ಣ, ಹೊನ್ನಾಳಿ: ಚಿನ್ನು ಬಗ್ಗೆ ಇಷ್ಟು ಮಾತಾಡಿದ್ವಿ, ನಮ್ಮ ಪುಟ್ಟಂದೂ ಒಂದೈತಿ. ಅಪ್ಪಾಜಿಗೆ ಹೇಳಿಲ್ಲ. ಲಿಸ್ಟ್ ಬಂದಾಗಿಂದ ಸರಿ ಊಟ ಮಾಡವಲ್ಲ. ರಾತ್ರಿ ಎದ್ದು ಅವರಮ್ಮನ ಮಗ್ಗಲಿಗೆ ಬಂದು ಮಲಗ್ತಾನ. ‘ಒಂಬತ್ತನೇ ಕ್ಲಾಸಿಗೆ ಹಿಂದಿ ಮಾತಾಡೋ ಊರಿಗೆ ಕಳಿಸ್ತಾರಂತೆ ಹೌದಾ’ ಅಂತ ಕೇಳ್ತಾನ. ಎಲ್ಲಾರೂ ಗೆದ್ದಿ ಗೆದ್ದಿ ಅಂತಾರ, ನಾನು ಹೋಗಲ್ಲ ಅಂತ ಹೆಂಗ ಹೇಳ್ಲಿ ಅಂತ ಅತ್ತ ನಿನ್ನೆ.

ದೊಡ್ಡಪ್ಪ, ಹೊನ್ನಾಳಿ: ಏನಂತಿ? ನನ್ನ ಹತ್ರ ಯಾಕ ಹೇಳಲಿಲ್ಲ ಅವನು?

ಅಣ್ಣ, ಹೊನ್ನಾಳಿ: ನೀವು ಪೋಸ್ಟರ್ ಹಿಡ್ಕೊಂಡು ಊರೆಲ್ಲಾ ತೋರಿಸ್ಕೊಂಡು ಬಂದ್ರಿ ಅಪ್ಪಾಜಿ, ಅದಕ್ಕ.

ನಾನು: ಅಣ್ಣ, ಹೇಳಿದ್ದು ಒಳ್ಳೇದಾತು. ಹನ್ನೊಂದು ವರ್ಷಕ್ಕೆ ಹಾಸ್ಟೆಲಿಗೆ ಹೋಗೋ ಮಗು ಗೆದ್ದೇತಿ ಅಂತ ನಾವು ಕೈಬಿಟ್ಟುಬಿಡ್ತೀವಿ. ಒಂಬತ್ತಕ್ಕೆ ಎಲ್ಲರನ್ನೂ ಕಳಿಸಲ್ಲ, ಕ್ಲಾಸಿನ ಒಂದಷ್ಟು ಮಕ್ಕಳನ್ನ ಒಂದು ವರ್ಷಕ್ಕೆ ಬೇರೆ ಭಾಷೆ ರಾಜ್ಯದ ನವೋದಯಕ್ಕೆ ಕಳಿಸ್ತಾರೆ, ಅಲ್ಲಿಯವರು ಇಲ್ಲಿಗೆ ಬರ್ತಾರೆ. ಅದನ್ನ ಅವನಿಗೆ ನೇರವಾಗೇ ಹೇಳು. ಶಾಲೆ ಶುರುವಾಗೋ ಮುಂಚೆ ಒಂದಿನ ದೇವರಹಳ್ಳಿಗೆ ಕರ್ಕೊಂಡು ಹೋಗು, ಹಾಸ್ಟೆಲ್, ಊಟದ ಮನೆ, ಮೈದಾನ ನೋಡ್ಲಿ. ಈಗಿಂದ ಅವನ ಬಟ್ಟೆ ಅವನೇ ಒಗೀಲಿ, ಹಾಸಿಗೆ ಅವನೇ ಮಡಚ್ಲಿ. ಮತ್ತೆ ಅಲ್ಲಿ ನಿಜವಾಗ್ಲೂ ಆಗಲಿಲ್ಲ ಅಂದ್ರ ವಾಪಸ್ ಬರಬಹುದು, ಯಾರೂ ಏನೂ ಅನ್ನಲ್ಲ ಅನ್ನೋದು ನಿನ್ನ ಬಾಯಿಂದಲ್ಲ, ದೊಡ್ಡಪ್ಪನ ಬಾಯಿಂದ ಅವನಿಗೆ ಕೇಳಿಸ್ಬೇಕು.

ದೊಡ್ಡಪ್ಪ, ಹೊನ್ನಾಳಿ: ಹೇಳ್ತೀನಿ. ಈಗಲೇ ಕರೀತೀನಿ ಅವನ್ನ.

ನಾನು: ಇಬ್ಬರಲ್ಲಿ ಯಾರಿಗೇ ಆಗ್ಲಿ, ನಿದ್ದೆ ಊಟ ಹಿಂಗೇ ಎರಡು ಮೂರು ವಾರ ಹಳಿ ತಪ್ಪಿದ್ರ ಸುಮ್ನೆ ಬಿಡಬ್ಯಾಡ್ರಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಐತಿ, 14416. ದುಡ್ಡಿಲ್ಲ, ಕನ್ನಡದಾಗ ಮಾತಾಡ್ತಾರೆ. ತಂದೆ ತಾಯಿನೂ ಮಾಡಬಹುದು.

ಮಾವ, ಚಿತ್ರದುರ್ಗ: ಸರಿ, ಚಿನ್ನು ಆರನೇ ಕ್ಲಾಸ್ ಎಲ್ಲಿ? ಅವನ ಶಾಲೆ ಐದಕ್ಕೇ ಮುಗೀತಲ್ಲ. ಒಳ್ಳೆ ಇಂಗ್ಲಿಷ್ ಮೀಡಿಯಂ ನೋಡಿದರೆ?

ತಂಗಿ, ದಾವಣಗೆರೆ: ಮಾವ, ಅವನನ್ನೇ ಕೇಳಿದ್ದೆ. ಗೆಳೆಯರು ಇಬ್ಬರು ಹೋಗ್ತಿರೋ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗ್ತೀನಿ ಅಂದ. ನಡ್ಕೊಂಡೇ ಹೋಗಬಹುದು. ಮೊರಾರ್ಜಿ ವಸತಿ ಶಾಲೆಗೂ ಪರೀಕ್ಷೆ ಬರೆದಾನ, ಅದರ ಸೀಟು ಹಂಚಿಕೆ ಇನ್ನೂ ಪೂರ್ತಿ ಆಗಿಲ್ಲ. ನಂಗೆ ಇಂಗ್ಲಿಷಿಂದೇ ಚಿಂತೆ.

ಮಾವ, ಚಿತ್ರದುರ್ಗ: ಇಂಗ್ಲಿಷ್ ನನಗೆ ಬಿಡು. ಮೇ ತಿಂಗಳು ಹದಿನೈದು ದಿನ ದುರ್ಗಕ್ಕೆ ಕಳ್ಸು. ಬೆಳಿಗ್ಗೆ ಕೋಟೆ ಹತ್ತಿಸ್ತೀನಿ, ಮಧ್ಯಾಹ್ನ ಒಂದು ಗಂಟೆ ಇಂಗ್ಲಿಷ್. ಪುಟ್ಟನನ್ನೂ ಕಳ್ಸಿ ಭಾವಾರೆ, ಇಬ್ಬರೂ ಇರಲಿ.

ತಂಗಿ, ದಾವಣಗೆರೆ: ಮೀಡಿಯಂ ವಿಷಯ ನಾವು ಇನ್ನೊಮ್ಮೆ ಮಾತಾಡ್ತೀವಿ ಮಾವ. ಅವರಪ್ಪಗೂ ಪೂರ್ತಿ ಮನಸ್ಸಿಲ್ಲ ಸರ್ಕಾರಿ ಶಾಲೆಗೆ.

ನಾನು: ಮಾತಾಡ್ರಿ, ಆದರೆ ಅವನನ್ನೂ ಕೂರಿಸ್ಕೊಂಡು ಮಾತಾಡ್ರಿ. ಸೋಮವಾರ ಹಳೇ ಶಾಲೆಗೆ ಹೋಗಿ ಟಿಸಿಗೆ ಅರ್ಜಿ ಕೊಡು. ಟಿಸಿ ತಡವಾದ್ರೂ ಹೊಸ ಶಾಲೆಯವರು ದಾಖಲಾತಿ ನಿಲ್ಲಿಸಂಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಾಗೇ ಐತಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ನೋಡು, ಮುಗಿದಿದ್ರ ನಾಡಕಚೇರಿಯಾಗ ಈಗಲೇ ಹಾಕು. ಮೊರಾರ್ಜಿ ಸೀಟು ಬಂದ್ರ ಆಗ ಓಡಾಡೋಕೆ ಟೈಮ್ ಇರಲ್ಲ.

ತಂಗಿ, ದಾವಣಗೆರೆ: ಆಯ್ತಕ್ಕ. ಆದಾಯದ್ದು ಹೊಸದು ಮಾಡಿಸ್ಬೇಕು. ಅವರಪ್ಪ ಸೋಮವಾರ ಭಟ್ಟಿಗೆ ರಜೆ ಹಾಕ್ತಾರಂತೆ, ಚಿನ್ನುನೂ ಕರ್ಕೊಂಡೇ ಹೋಗ್ತಾರೆ.

ಅತ್ತೆ, ಹರಿಹರ: ಅರ್ಜಿ ಫಾರ್ಮಿನ ಜೊತೆ ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಎರಡೆರಡು ಇಟ್ಕೋ ಅಂತ ಹೇಳವ್ವ, ಅಲ್ಲಿ ಹೋಗಿ ಪರದಾಡಬ್ಯಾಡ್ರಿ.