ಹಳೇ ಜಿಪ್ಸಿ: ಹಿಂದಿನ ಶಾಕಪ್ ಸೋರ್ಲತ್ತಾವ, ಎರಡೇ ಬದಲಿಸ್ಬೇಕಾ ನಾಲ್ಕೂನಾ?

ಎರಿಹೊಲ (ಶಹಾಪುರ):

ಗಾಡಿ 2004ರ ಮಾರುತಿ ಜಿಪ್ಸಿ ಕಿಂಗ್, ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಇಂಜಿನ್, ನಾಲ್ಕೂ ಕಡಿ ಪಾಟಾ (ಎಲಿ ಸ್ಪ್ರಿಂಗ್). ಹಿಂದಿನ ಎರಡೂ ಶಾಕಪ್ (ಶಾಕ್ ಅಬ್ಸಾರ್ಬರ್) ಎಣ್ಣಿ ಸೋರಿ, ಅದರ ಮ್ಯಾಲ ಧೂಳು ಮೆತ್ಕೊಂಡು ಅರ್ಧ ಮೈ ಕರ್ರಗ ಹೆಪ್ಪುಗಟ್ಟ್ಯದ. ಮುಂದಿನವು ಒಣಗಿದ್ದಾವ, ಆದ್ರ ಎಷ್ಟು ಹಳೇವು ಗೊತ್ತಿಲ್ಲ. ಹೊಲದ ಖಡಿ ರಸ್ತೆದಾಗ 40 ದಾಟಿದ್ರ ಹಿಂದಿನ ಭಾಗ ಪಕ್ಕಕ್ಕ ಜಾರ್ತದ. ಹಂಪ್ ಇಳಿದ ಮ್ಯಾಲ ಮೂರ್ನಾಲ್ಕು ಸಲ ಕುಣೀತದ, ಜತಿಗೆ ಹಿಂದ ‘ಟಕ್’ ಅಂತ ಒಂದು ಸಪ್ಪಳ. ತೊಗರಿ ಚೀಲ ಹೇರ್ಲಾಕ ಹಿಂದ ಒಂದೊಂದು ಪಾಟಾ ಹೆಚ್ಚಿಗಿ ಹಾಕ್ಸಿದ್ದದ. ಹೈವೇದಾಗ 65ಕ್ಕ ಸ್ಟೇರಿಂಗ್ ನಡುಗ್ತದ, ಅದೂ ಶಾಕಪ್‌ದಿಂದಾನೇ ಏನು?

ಸೀಲ್ ಬದಲಿಸಿ ಎಣ್ಣಿ ತುಂಬಿ ಕೊಡ್ತೀವಿ ಅಂತಾರ ಕೆಲವು ಮಿಸ್ತ್ರಿಗಳು. ಅದು ನಡೀತದಾ? ಗ್ಯಾಸ್ ಶಾಕಪ್ ಹಾಕಿದ್ರ ಚಲೋನಾ? ಕೆಲಸ ಮನಿ ಅಂಗಳದಾಗ ಮಾಡೋದು, ನೆಲ ಫರ್ಸಿ ಅದ.

ಫರ್ಸಿಗಲ್ಲು (ಕಲಬುರಗಿ):

ಸ್ಟೇರಿಂಗ್ ನಡುಕದ ಮಾತು ಬ್ಯಾರೆ ಇಡ್ರಿ. ಅದಕ್ಕ ಶಾಕಪ್ ತಗೊಂಡ್ರ ರೊಕ್ಕ ಹೋಗ್ತದ, ನಡುಕ ಉಳೀತದ. ಜಿಪ್ಸಿಗಿ ಮುಂದ ಗಟ್ಟಿ ಆಕ್ಸಲ್. ಕಿಂಗ್‌ಪಿನ್ (ಮುಂದಿನ ಗಾಲಿ ಎಡ-ಬಲ ತಿರುಗೋ ಕೀಲು) ಬೇರಿಂಗ್ ಸಡಿಲಾದ್ರ, ಟೈ ರಾಡ್ ಎಂಡ್ (ಸ್ಟೇರಿಂಗ್ ಸಲಾಕಿ ತುದಿಯ ಕೀಲು) ಸವೆದ್ರ, ಗಾಲಿ ಬ್ಯಾಲೆನ್ಸ್ ಕೆಟ್ರ ಈ ವೇಗದಾಗೇ ನಡುಗ್ತದ. ಮುಂದಿನ ಗಾಲಿ ಎತ್ತಿ, ಮ್ಯಾಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸ್ರಿ. ಆಟ (ಸಡಿಲು) ಕಂಡ್ರ ಇನ್ನೊಬ್ರಿಗೆ ಬ್ರೇಕ್ ಒತ್ತಿ ಹಿಡೀಲಾಕ ಹೇಳಿ ಮತ್ತ ಅಲ್ಲಾಡಿಸ್ರಿ. ಆಟ ಹೋದ್ರ ಅದು ವೀಲ್ ಬೇರಿಂಗ್‌ದು, ಹಂಗೇ ಉಳಿದ್ರ ಕಿಂಗ್‌ಪಿನ್‌ದು.

ಈಗ ಶಾಕಪ್. ಮೂಲಿ ಒತ್ತಿ ಬಿಟ್ಟು ಎಷ್ಟು ಸಲ ಕುಣೀತದ ಅಂತ ಎಣಿಸೋ ಪರೀಕ್ಷಾ ಕಾರಿಗಿ ಸರಿ, ಪಾಟಾ ಗಾಡಿಗಿ ಅಲ್ಲ. ಪಾಟಾದ ಎಲಿ-ಎಲಿ ನಡುವಿನ ತಿಕ್ಕಾಟಾನೇ ಕುಣಿತ ಹಿಡೀತದ, ಸತ್ತ ಶಾಕಪ್ಪೂ ಪಾಸಾಗ್ತದ. ಅದಕ್ಕಿಂತ ಖರೇ ಪರೀಕ್ಷಾ ಅಂದ್ರ ಖರಾಬ್ ರಸ್ತೆದಾಗ 10-15 ಕಿಮೀ ಓಡಿಸಿ, ನಿಂತ ಕೂಡಲೇ ನಾಲ್ಕೂ ಶಾಕಪ್ಪಿನ ಮೈ ಮುಟ್ಟಿ ನೋಡೋದು. ಮೊದಲು ಬೆರಳಿನ ಹಿಂಭಾಗದಿಂದ ಮುಟ್ರಿ, ಕೆಲವು ಸುಡ್ತಾವ. ಶಾಕಪ್ಪಿನ ಕೆಲಸಾನೇ ಕುಣಿತವನ್ನ ಶಾಖ ಮಾಡೋದು. ಕೆಲಸ ಮಾಡೋದು ಬಿಸಿ ಇರ್ತದ, ಜೋಡಿಯೊಳಗ ತಣ್ಣಗಿರೋದು ಸತ್ತದ. ನಿಮ್ಮ ಮುಂದಿನ ಎರಡರ ತೀರ್ಪು ಇದರಾಗೇ ಸಿಗ್ತದ. ಬರೇ ತೆಳು ಜಿಡ್ಡು ಕಂಡ್ರ ಹೆದರಬ್ಯಾಡ್ರಿ, ರಾಡ್ ಒಳಗ-ಹೊರಗ ಆಡೋದಕ್ಕ ಅಷ್ಟು ಎಣ್ಣಿ ಬರೋದೇ. ಧೂಳು ಹೆಪ್ಪುಗಟ್ಟೋ ಅಷ್ಟು ಸೋರಿದ್ರ ಮಾತ್ರ ಮುಗೀತು.

ಒಂದು ಆಕ್ಸಲ್ಲಿಗಿ ಎರಡೂ ಕೂಡೇ ಬದಲಿಸಬೇಕು, ಅದರಾಗ ಎರಡು ಮಾತಿಲ್ಲ. ಒಂದು ಕಡಿ ಹೊಸದು, ಒಂದು ಕಡಿ ಹಳೇದು ಇದ್ರ ಬ್ರೇಕ್ ಹೊಡೆದಾಗ ಗಾಡಿ ಎಳೀತದ. ನಾಲ್ಕೂ ಬದಲಿಸೋದು ಮುಂದಿನವು ಪರೀಕ್ಷಾದಾಗ ಸೋತ್ರ ಮಾತ್ರ.

ಆ ‘ಟಕ್’ ಸಪ್ಪಳ ನನಗ ಹೆಚ್ಚು ಚಿಂತಿ ಹಚ್ಯದ. ಗುಂಡಿಯೊಳಗ ಇಳಿಯುವಾಗ ಬಂದ್ರ ಶಾಕಪ್ ಪೂರಾ ಮುಚ್ಚಿ ತಳ ಬಡೀತದ ಅಂತ. ಹಂಪ್ ಇಳಿದ ಮ್ಯಾಲ, ಗಾಲಿ ಜೋತು ಬೀಳುವಾಗ ಬಂದ್ರ ಪೂರಾ ಬಿಚ್ಚಿ ಮ್ಯಾಲ ಬಡೀತದ ಅಂತ. ನಿಮ್ಮದು ಎರಡನೇದು. ಹೆಚ್ಚಿನ ಪಾಟಾ ಹಾಕಿ ಗಾಡಿ ಎತ್ತರಾಗ್ಯದ, ಶಾಕಪ್ ಗಿಡ್ಡ ಬಿದ್ದದ. ಹಂಗೇ ಅದೇ ಅಳತಿ ಹೊಸದು ಹಾಕಿದ್ರ ಅದರ ಸೀಲೂ ವರ್ಷ ತಡೀಲಿಕ್ಕಿಲ್ಲ. ಖರೀದಿಗಿ ಮೊದಲು ಮೂರು ಅಳತಿ ತಗೊಂಡು ಇಲ್ಲಿ ಬರೀರಿ:

ಗಾಡಿ ನೆಲದ ಮ್ಯಾಲ ನಿಂತಾಗ ಶಾಕಪ್ಪಿನ ಮ್ಯಾಲಿನ ಕಣ್ಣಿನ (ಬೋಲ್ಟ್ ಹಾಯೋ ತುದಿಯ ಬಳಿ) ನಡುವಿನಿಂದ ಕೆಳಗಿನ ಕಣ್ಣಿನ ನಡುವಿನ ತನಕ.
ಆಕ್ಸಲ್ಲಿಗೂ ಚಾಸಿಯ ಬಂಪ್ ರಬ್ಬರಿಗೂ (ಆಕ್ಸಲ್ ಚಾಸಿಗಿ ಬಡೀದಂಗ ತಡಿಯೋ ರಬ್ಬರ್) ನಡುವಿನ ಖಾಲಿ ಜಾಗ.
ಶಾಕಪ್ ಕೆಳಗಿನ ಬೋಲ್ಟ್ ಬಿಚ್ಚಿ, ಚಾಸಿ ಎತ್ತಿ, ಆಕ್ಸಲ್ ಪೂರಾ ಜೋತು ಬಿದ್ದಾಗ ಅದೇ ಎರಡು ಕಣ್ಣಿನ ಜಾಗದ ನಡುವಿನ ದೂರ. ಆವಾಗ ಬ್ರೇಕ್ ಹೋಸ್ ಎಳೆದು ಬಿಗೀಲತ್ತಿಲ್ಲ ಅಂತ ನೋಡ್ಕೊಂಡೇ ಎತ್ರಿ.

ಕೆಮ್ಮಣ್ಣು (ಬೀದರ್):

ಎಣ್ಣೆ ತುಂಬಿಸುವ ಮಾತು ಬಿಟ್ಟುಬಿಡಿ. ಸೀಲ್ ಹೋಗುವುದು ಸುಮ್ಮನೆ ಅಲ್ಲ. ರಾಡಿನ ಕ್ರೋಮ್ ಮೇಲೆ ಮಣ್ಣಿನ ಗೀರು ಬಿದ್ದಿರುತ್ತದೆ ಅಥವಾ ತುಕ್ಕಿನ ಚುಕ್ಕೆ ಎದ್ದಿರುತ್ತದೆ. ಹೊಸ ಸೀಲನ್ನು ಅದೇ ಗೀರು ಮತ್ತೆ ಕೊಯ್ಯುತ್ತದೆ. ಒಳಗಿನ ವಾಲ್ವ್ ತಗಡು, ಪಿಸ್ಟನ್ ಉಂಗುರ ಸವೆದದ್ದು ಹಾಗೇ ಉಳಿಯುತ್ತದೆ. ತುಂಬುವ ಎಣ್ಣೆ ಕೈಗೆ ಸಿಕ್ಕದ್ದಾದರೆ ಎಡ-ಬಲ ಎರಡಕ್ಕೂ ಬಿಗಿ ಬೇರೆ ಬೇರೆ.

ಕೆಲಸದ ಕ್ರಮ ಹೇಳುತ್ತೇನೆ. ಪಾಟಾ ಗಾಡಿಯಲ್ಲಿ ಶಾಕಪ್ ಭಾರ ಹೊರುವುದಿಲ್ಲ, ಆದ್ದರಿಂದ ಸ್ಪ್ರಿಂಗ್ ಕಂಪ್ರೆಸರ್ ಬೇಡ, ಚಕ್ರ ನೆಲದ ಮೇಲಿದ್ದಾಗಲೇ ಬಿಚ್ಚಬಹುದು. (ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಯವರು ಇದನ್ನೇ ಓದಿ ಬಿಚ್ಚಬೇಡಿ. ಅಲ್ಲಿ ಕೆಳಗಿನ ಆರ್ಮ್‌ಗೆ ಜಾಕ್ ಕೊಡದೆ ಬೋಲ್ಟ್ ತೆಗೆದರೆ ಆರ್ಮ್ ಸಿಡಿದು ಕೆಳಗೆ ಬೀಳುತ್ತದೆ.)

ಹಿಂದಿನ ದಿನವೇ ನಾಲ್ಕೂ ಜಾಗ ನೀರು ಹೊಡೆದು ತೊಳೆಯಿರಿ. ನಿಮ್ಮ ಕಡೆಯ ಎರೆ ಮಣ್ಣು ನಟ್ಟಿನ ಸುತ್ತ ಒಣಗಿ ಕಲ್ಲಾಗಿರುತ್ತದೆ, ಅದರ ಮೇಲೆ ಪಾನಾ ಕೂತರೆ ಅರ್ಧಕ್ಕೇ ಕೂತು ನಟ್ಟಿನ ಮೂಲೆ ಸವರಿಬಿಡುತ್ತದೆ. ನೀರು ಆರಿದ ಮೇಲೆ ಎಳೆಗಳನ್ನು ತಂತಿ ಬ್ರಶ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಇನ್ನೊಮ್ಮೆ.

14, 17, 19ರ ಪಾನಾ ಮತ್ತು ಸಾಕೆಟ್, ಉದ್ದ ಹಿಡಿ, ಲಾಕ್ ಆಗುವ ಇಕ್ಕಳ, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಕಟ್ಟಿಗೆ ಗುಟ್ಟ. ಹೊಸ ಬುಷ್ (ಕಣ್ಣಿನೊಳಗಿನ ರಬ್ಬರ್), ವಾಷರ್, ನಟ್ ಶಾಕಪ್ ಜೊತೆ ಬಂದಿವೆಯೇ ಅಂಗಡಿಯಲ್ಲೇ ಬಿಚ್ಚಿ ನೋಡಿ. ಹಳೆ ಬುಷ್ ಮತ್ತೆ ಹಾಕಬೇಡಿ.

ಫರ್ಸಿ ಬಗ್ಗೆ ಒಂದು ಎಚ್ಚರಿಕೆ. ಶಹಾಬಾದ್ ಕಲ್ಲು ಹರಡಿದ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕೆಳಗೆ ಪೊಳ್ಳಿದ್ದು ಮೇಲೆ ಸ್ಟ್ಯಾಂಡಿನ ಕಾಲು ಊರಿದರೆ ಏಕಾಏಕಿ ಒಡೆಯುತ್ತದೆ. ಕನಿಷ್ಠ ಒಂದಡಿ ಚೌಕದ ದಪ್ಪ ಹಲಗೆ ಅಡಿಗಿಟ್ಟು ಅದರ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬಾರದು.

ಹಿಂದಿನದಕ್ಕೆ ಎರಡೂ ಕೊನೆ ಕಣ್ಣು. ಕೆಳಗಿನದು ಮೊದಲು ಬಿಚ್ಚಿ, ಆಮೇಲೆ ಮೇಲಿನದು. ಮೇಲಿನ ಪಿನ್ ಚಾಸಿಗೆ ಸೇರಿದ್ದು. ನಟ್ ಹಿಡಿದುಕೊಂಡಿದ್ದರೆ ಉದ್ದ ಪೈಪ್ ಹಾಕಿ ಒಂದೇ ದಿಕ್ಕಿಗೆ ಜಗ್ಗಬೇಡಿ, ಪಿನ್ ಮುರಿದರೆ ಅರ್ಧ ಗಂಟೆಯ ಕೆಲಸ ಎರಡು ದಿನದ ವೆಲ್ಡಿಂಗ್ ಕೆಲಸವಾಗುತ್ತದೆ. ಕಾಲು ಸುತ್ತು ಬಿಗಿ, ಅರ್ಧ ಸುತ್ತು ಸಡಿಲ, ಎಣ್ಣೆ, ಮತ್ತೆ ಹಾಗೇ. ಅದಕ್ಕೂ ಬಾರದಿದ್ದರೆ ನಟ್ಟನ್ನೇ ಉದ್ದಕ್ಕೆ ಸೀಳಿ ತೆಗೆಯಿರಿ. ಬೆಂಕಿ ಬೇಡವೇ ಬೇಡ, ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ. ಕಣ್ಣು ಪಿನ್ನಿಗೆ ಅಂಟಿದ್ದರೆ ರಬ್ಬರನ್ನು ಚಾಕುವಿನಿಂದ ಕತ್ತರಿಸಿದರೆ ಕಣ್ಣು ಸಲೀಸಾಗಿ ಹೊರಬರುತ್ತದೆ.

ಮುಂದಿನದಕ್ಕೆ ಮೇಲೆ ಕಡ್ಡಿ (ನಟ್ ಕೂರುವ ಎಳೆಯಿರುವ ತುದಿ), ಕೆಳಗೆ ಕಣ್ಣು. ಮೇಲಿನ ನಟ್ ತಿರುಗಿಸಿದರೆ ಕಡ್ಡಿಯೂ ಜೊತೆಗೇ ತಿರುಗುತ್ತದೆ, ಅದನ್ನು ಇಕ್ಕಳದಿಂದ ಹಿಡಿಯಬೇಕು. ಹೊಸ ಶಾಕಪ್ಪಿನ ನಯವಾದ ರಾಡಿಗೆ ಮಾತ್ರ ಇಕ್ಕಳ ತಾಗಿಸಬೇಡಿ.

ಹಾಕುವ ಮುಂಚೆ ಹೊಸ ಶಾಕಪ್ಪಿನ ಗಾಳಿ ತೆಗೆಯಬೇಕು. ಬಹಳ ಜನ ಇದನ್ನು ಬಿಟ್ಟು ‘ಹೊಸದೇ ಡೂಪ್ಲಿಕೇಟ್’ ಅನ್ನುತ್ತಾರೆ. ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟಾಗ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ಕೂರುವ ಹಾಗೇ ನೆಟ್ಟಗೆ ಹಿಡಿದು ಪೂರ್ತಿ ಎಳೆಯಿರಿ. ತಲೆಕೆಳಗು ಮಾಡಿ ಪೂರ್ತಿ ಒತ್ತಿ, ಮತ್ತೆ ನೆಟ್ಟಗೆ ಹಿಡಿದು ಎಳೆಯಿರಿ. ನಾಲ್ಕೈದು ಸಲಕ್ಕೆ ನಡುವಿನ ಪೊಳ್ಳು ಜಾಗ ಹೋಗಿ ಎಲ್ಲ ಕಡೆ ಒಂದೇ ಬಿಗಿ ಸಿಗುತ್ತದೆ. ಎಳೆಯುವಾಗ ಒತ್ತುವುದಕ್ಕಿಂತ ಹೆಚ್ಚು ಬಿಗಿ ಇರುವುದು ಸರಿಯೇ, ಅದನ್ನು ಹಾಗೇ ಮಾಡಿರುತ್ತಾರೆ. ಆಮೇಲೆ ಮಲಗಿಸದೆ ನೇರ ಗಾಡಿಗೆ ಹಾಕಿ.

ಬೋಲ್ಟ್‌ಗಳನ್ನು ಮೊದಲು ಕೈಬಿಗಿ ಮಾತ್ರ. ಗಾಡಿ ನಾಲ್ಕೂ ಚಕ್ರದ ಮೇಲೆ ಇಳಿದ ನಂತರ, ಎರಡು ಸಲ ಕುಲುಕಿ, ಆಮೇಲೆ ಕಣ್ಣಿನ ಬೋಲ್ಟ್ ಪೂರ್ತಿ ಬಿಗಿಯಿರಿ. ಆಕ್ಸಲ್ ಜೋತುಬಿದ್ದಾಗಲೇ ಬಿಗಿದರೆ ರಬ್ಬರ್ ಆ ಕೋನದಲ್ಲೇ ಸಿಕ್ಕಿಕೊಳ್ಳುತ್ತದೆ, ಗಾಡಿ ನಿಂತಾಗಲೆಲ್ಲ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಸೀಳುತ್ತದೆ. ಕಡ್ಡಿ ಇರುವ ಕಡೆ ರಬ್ಬರ್ ಉಬ್ಬಿ ವಾಷರಿನ ಅಂಚಿಗೆ ಸಮ ಬಂದರೆ ಸಾಕು. ಅದಕ್ಕಿಂತ ಬಿಗಿದರೆ ರಬ್ಬರ್ ಆಡುವುದಿಲ್ಲ, ಕಡ್ಡಿ ಕುತ್ತಿಗೆಯಲ್ಲಿ ಮುರಿಯುತ್ತದೆ. 100 ಕಿಮೀ ಓಡಿಸಿ ಎಲ್ಲ ನಟ್ ಇನ್ನೊಮ್ಮೆ ನೋಡಿ. ಪಾಟಾವನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್‌ಗಳನ್ನೂ ಆಗಲೇ ನೋಡಿಬಿಡಿ.

ಚಿಂಚೋಳಿ_ಕಾಡು:

ಗ್ಯಾಸ್ ಬಗ್ಗೆ ಯಾರೂ ಹೇಳಿಲ್ಲ. ಬರೇ ಎಣ್ಣಿ ಶಾಕಪ್ಪಿನೊಳಗ ಎಣ್ಣಿ ಮತ್ತ ಗಾಳಿ ಎರಡೂ ಇರ್ತಾವ. ಗೆರಿ-ಗೆರಿ ರಸ್ತೆದಾಗ ಭಾಳ ಹೊತ್ತು ಓಡಿದ್ರ ಎರಡೂ ಕಲೆತು ನೊರಿ ಆಗ್ತದ, ನೊರಿ ವಾಲ್ವ್‌ದಾಗ ಸಲೀಸ ಹಾಯ್ತದ. ಮೊದಲ ಹತ್ತು-ಇಪ್ಪತ್ತು ಕಿಮೀ ಚಲೋ ಇದ್ದ ಗಾಡಿ ಆಮ್ಯಾಲ ತೇಲ್ತದ ಅಂದ್ರ ಇದೇ. ನಮ್ಮ ಕಡಿ ಮೇ ತಿಂಗಳ ಬಿಸಿಲಿಗಿ ಎಣ್ಣಿ ಮೊದಲೇ ತೆಳ್ಳಗಾಗಿರ್ತದ. ಕಮ್ಮಿ ಒತ್ತಡದ ನೈಟ್ರೋಜನ್ ತುಂಬಿದ್ದು ಈ ನೊರಿ ತಡೀತದ, ಖಡಿ ರಸ್ತೆಗಿ ಅದೇ ಚಲೋ. ಅದನ್ನ ತಗೊಂಡ್ರ ಕಟ್ಟಿದ ಪಟ್ಟಿ ಮೊದಲೇ ಹರೀಬ್ಯಾಡ್ರಿ, ಒಂದು ತುದಿ ಕೂಡಿಸಿ ಆಮ್ಯಾಲ ಹರೀರಿ. ತಾನೇ ಬಿಚ್ಕೊಂಡು ಬರ್ತದ.

ಆದ್ರ ‘ಹೆವಿ ಡ್ಯೂಟಿ’ ಅಂತ ಗಟ್ಟಿಯಾದದ್ದು ಬ್ಯಾಡ್ರಿ. ಖಾಲಿ ಜಿಪ್ಸಿ ಹಿಂದ ಹಗುರ. ಶಾಕಪ್ ಭಾಳ ಬಿಗಿ ಆದ್ರ ಗುಂಡಿ ಪೆಟ್ಟು ಪಾಟಾಕ್ಕ ಹೋಗದ ಚಾಸಿಯ ಬ್ರಾಕೆಟ್ಟಿಗಿ ಹೋಗ್ತದ, ವೆಲ್ಡಿಂಗ್ ಬಿರಕು ಬಿಡ್ತದ.

ಎರಿಹೊಲ (ಶಹಾಪುರ):

ಮುಟ್ಟಿ ನೋಡ್ದೆ. ಮುಂದಿನ ಎರಡೂ ಒಂದೇ ಸಮ ಬಿಸಿ, ಹಿಂದಿನವು ತಣ್ಣಗ. ಹಿಂದಿನ ಅಳತಿ: ನಿಂತಾಗ 420 ಮಿಮೀ, ಬಂಪ್ ರಬ್ಬರಿಗಿ ಖಾಲಿ 85, ಜೋತು ಬಿದ್ದಾಗ 500. ಅಂಗಡ್ಯಾಗ ಸಿಕ್ಕಿದ್ದು ಮುಚ್ಚಿದಾಗ 305, ಬಿಚ್ಚಿದಾಗ 490 ಅದ. ಬ್ರೇಕ್ ಒತ್ತಿದ್ರೂ ಮುಂದಿನ ಎಡ ಗಾಲಿ ಆಟ ಹೋಗ್ಲಿಲ್ಲ.

ಫರ್ಸಿಗಲ್ಲು (ಕಲಬುರಗಿ):

ಆಟ ಹೋಗ್ಲಿಲ್ಲ ಅಂದ್ರ ಕಿಂಗ್‌ಪಿನ್ ಬೇರಿಂಗ್, ಅದನ್ನ ಬಿಚ್ಚಿಸ್ರಿ. ಮುಂದಿನ ಶಾಕಪ್ ಸದ್ಯ ಮುಟ್ಟಬ್ಯಾಡ್ರಿ.

ಹಿಂದಿನ ಲೆಕ್ಕ: 420ರಾಗ 85 ಕಳೀರಿ, 335. ಬಂಪ್ ರಬ್ಬರ್ ಪೆಟ್ಟಿಗಿ 20 ಅಮುಕ್ತದ ಅಂತ ಹಿಡೀರಿ, 315. ಶಾಕಪ್ ಓರೆ ಇರೋದ್ರಿಂದ ಖರೇದಾಗ ಸ್ವಲ್ಪ ಕಮ್ಮಿನೇ ಮುಚ್ಚತದ, ಆದ್ರ ಪೂರಾ ಕಳೆದ್ರ ಧೋಕಾ ಇಲ್ಲ. 305 ಅಂದ್ರ 10 ಮಿಮೀ ಉಳೀತದ, ಮುಚ್ಚೋ ಕಡಿ ಸರಿ ಅದ. ಬಿಚ್ಚೋ ಕಡಿ ನೋಡ್ರಿ: ಬೇಕಾಗೋದು 500 ಮತ್ತ ಮ್ಯಾಲೊಂದು 10, ಸಿಗೋದು 490. ಆಕ್ಸಲ್ ಪಾಟಾಕ್ಕ ಜೋತು ಬೀಳೋ ಮೊದಲೇ ಶಾಕಪ್ಪಿಗಿ ಜೋತು ಬೀಳ್ತದ. ನಿಮ್ಮ ಹಳೇದೂ ಇದೇ ಅಳತಿದಿದ್ರ ಆ ‘ಟಕ್’ ಇದೇ.

ಉದ್ದಂದು ಹುಡುಕ್ತೀನಿ ಅಂದ್ರ ಅದೂ ಆಗಲ್ರಿ. 305 ಮುಚ್ಚಿ 510 ಬಿಚ್ಚಬೇಕಂದ್ರ ರಾಡ್ 205 ಆಡಬೇಕು. ಕಣ್ಣು, ಸೀಲ್, ಪಿಸ್ಟನ್, ತಳದ ವಾಲ್ವ್ ಇಷ್ಟಕ್ಕೇ ಸುಮಾರು 110-120 ಮಿಮೀ ಹೋಗ್ತದ, ಹಂಗಾಗಿ 205 ಆಡೋದು 315-325ಕ್ಕಿಂತ ಗಿಡ್ಡ ಮುಚ್ಚಲ್ಲ. ಅದನ್ನ ಹಾಕಿದ್ರ ಚೀಲ ಹೇರಿ ಗುಂಡಿಗಿ ಇಳಿದಾಗ ಬಂಪ್ ರಬ್ಬರ್ ಪೂರಾ ಅಮುಕೋದ್ರೊಳಗ ಶಾಕಪ್ ತಳ ಬಡೀತದ, ತಳದ ವಾಲ್ವ್ ಪುಡಿ.

ಅದಕ್ಕ ಹೆಚ್ಚಿನ ಪಾಟಾ ತೆಗೀರಿ. ಮೂಲ ಪಾಟಾ ಕುಂತಿದ್ರ ಕಮಾನು ಮೊದಲಿನ ಅಳತಿಗಷ್ಟೇ ಎತ್ತಿಸ್ರಿ, ಒಡೆದ ಎಲಿ ಇದ್ರ ಅದೊಂದನ್ನ ಬದಲಿಸ್ರಿ, ಶ್ಯಾಕಲ್ (ಪಾಟಾದ ತುದಿ ಚಾಸಿಗಿ ಜೋಡಿಸೋ ಕೊಂಡಿ) ಬುಷ್ ಹೊಸದು ಹಾಕ್ರಿ. ಆಮ್ಯಾಲ ಜೋತು ಅಳತಿ ಮತ್ತ ತಗೋರಿ. 480 ಒಳಗ ಬಂದ್ರ ಅಂಗಡ್ಯಾಗಿನ ಅದೇ 305-490 ಜೋಡಿ ಕಣ್ಣು ಮುಚ್ಚಿ ತಗೋಬಹುದು. ಅದು ಬರೋ ತನಕ ರೊಕ್ಕ ಕೊಡಬ್ಯಾಡ್ರಿ.